ಕಾರ್ಬನ್ ಪ್ರತಿಯಲ್ಲಿ ಉಳಿದ ಗೆರೆ

ಫೋನು ಬಂದದ್ದು ಕದ್ರಾದಿಂದ. ಅಲ್ಲಿಯ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿರುವ ಸಹಪಾಠಿಯೊಬ್ಬ, ಅಂಕೋಲೆಯ ಹೈಸ್ಕೂಲಿನಲ್ಲಿ ನಮ್ಮೊಂದಿಗೆ ಹತ್ತನೆಯ ತರಗತಿ ಮುಗಿಸಿದವರನ್ನೆಲ್ಲ ಒಂದು ದಿನ ಒಂದೆಡೆ ಸೇರಿಸಬೇಕೆಂದು ಹೊರಟಿದ್ದ. ಅದಕ್ಕಾಗಿ ಮಾಡಿದ ವಾಟ್ಸ್‌ಆ್ಯಪ್ ಗುಂಪಿಗೆ ನನ್ನನ್ನು ಸೇರಿಸಿ ಎರಡು ತಿಂಗಳಾಗಿತ್ತು. ನಾನು ಅದರಲ್ಲಿ ಒಂದು ಸಾಲೂ ಬರೆದಿರಲಿಲ್ಲ.

"ಊರವ್ರದ್ದೆಲ್ಲ ಬರ್ದವ ನೀನು. ಗ್ರೂಪಲ್ಲಿ ಒಂದ್ ಗುಡ್ ಮಾರ್ನಿಂಗ್ ಹಾಕೂಕೆ ಕೈ ನೋಯ್ತದ್ಯನಾ?" ಎಂದ.

"ಪೇಪರು ಬಿಟ್ಟೆ ಮಾರಾಯಾ. ನಿವೃತ್ತಿಯಾಯ್ತು."

"ಹಾಂಗಾದ್ರೆ ಪುರಸೊತ್ತು ಅದೆ. ಸತ್ತವ್ರ ಪಟ್ಟಿ ನೀ ಮಾಡು. ನಾ ಮಾಡಿ ಬದುಕಿದವ್ರ ಹೆಸ್ರು ಬಂದ್ಬಿಟ್ರೆ ಊಟಕ್ಕೆ ಬಂದವ ನನ್ನೇ ಹೊಡಿತಾ."

ಕಾರ್ಯಕ್ರಮದ ಮೊದಲಿಗೆ ತೀರಿಕೊಂಡವರ ಹೆಸರು ಓದಿ ಒಂದು ನಿಮಿಷ ಮೌನ ಆಚರಿಸುವುದು ಈಗ ಇಂಥ ಕೂಟಗಳ ಪದ್ಧತಿ. ಪಟ್ಟಿಯ ಕೆಲಸ ನನಗೆ ಕಷ್ಟದ್ದಲ್ಲ. ಹುಬ್ಬಳ್ಳಿಯ ಸುದ್ದಿಮನೆಯಲ್ಲಿ ವರ್ಷಗಟ್ಟಲೆ ನಿಧನ ವಾರ್ತೆಗಳನ್ನು ನೋಡಿದವನು ನಾನು. ಮನೆಯವರಿಂದ ಒಂದು ಸಲ, ಊರಿನವರಿಂದ ಇನ್ನೊಂದು ಸಲ ಕೇಳಿ ಖಚಿತವಾಗದೆ ಒಂದು ಹೆಸರನ್ನೂ ಬಿಡುತ್ತಿರಲಿಲ್ಲ. ನಾಲ್ಕು ದಿನ ಫೋನು ಮಾಡಿ ಏಳು ಹೆಸರಿನ ಪಟ್ಟಿ ಮಾಡಿದೆ. ಹೆಸರು, ಊರು, ತೀರಿಕೊಂಡ ವರ್ಷ.

ಪಟ್ಟಿಯಲ್ಲಿ ಮೊದಲನೆಯದು ಶೆಟಗೇರಿಯವನ ಹೆಸರು. ನಮ್ಮಲ್ಲಿ ಎಲ್ಲರಿಗಿಂತ ಮೊದಲು ಹೋದವನು ಅವನೇ. ಅವನ ವಿಷಯದಲ್ಲಿ ಯಾರನ್ನೂ ಕೇಳಬೇಕಾಗಲಿಲ್ಲ. ಆ ಸುದ್ದಿ ಬರೆದವನು ನಾನೇ.

ಶೆಟಗೇರಿಯವನು, ಹಾರವಾಡದವನು, ನಾನು, ಮೂವರೂ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ನಾನು ಅಂಕೋಲೆ ಪೇಟೆಯ ಹುಡುಗ. ಮನೆ ಶಾಲೆಯಿಂದ ಕೂಗಳತೆಯಲ್ಲಿತ್ತು. ಶೆಟಗೇರಿಯವನು ಬೇಸಾಯದ ಮನೆಯವನು. ಅವನ ತಾಯಿ, ನಮಗೆಲ್ಲ ಅವ್ವಿ, ತರಕಾರಿ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಬರುವಾಗ ಇನ್ನೊಂದು ಬುಟ್ಟಿ ಅವನ ತಲೆಯ ಮೇಲಿರುತ್ತಿತ್ತು. ಅದನ್ನು ಇಳಿಸಿ, ಕೈಕಾಲು ತೊಳೆದು ಶಾಲೆಗೆ ಬರುತ್ತಿದ್ದ. ಚೀಲದಲ್ಲಿ ನಮಗಾಗಿ ಎರಡು ಎಳೆ ಸೌತೆಕಾಯಿ ಇರುತ್ತಿದ್ದವು. ಹಾರವಾಡದವನು ಮೀನುಗಾರರ ಮನೆಯವನು. ಅವನು ಒಮ್ಮೆ ಒಣಮೀನಿನ ಪೊಟ್ಟಣ ತಂದು ಬೆಂಚಿನ ಕೆಳಗಿಟ್ಟಾಗ ಗಣಿತದ ಮಾಸ್ತರರು ಮೂವರನ್ನೂ ಹೊರಗೆ ನಿಲ್ಲಿಸಿದ್ದರು. ಹೊರಗೆ ನಿಂತೇ ಅದನ್ನು ತಿಂದೆವು.

ಶಾಲೆ ಮುಗಿದ ಮೇಲೆ ನಾನು ಕಾಲೇಜಿಗೆ ಹೋದೆ. ಅವರಿಬ್ಬರೂ ಹೋಗಲಿಲ್ಲ. ಗೆಳೆತನ ಹಾಗೇ ಉಳಿಯಿತು. ಬೇಸಾಯದ ಕೆಲಸ ಇಲ್ಲದ ದಿನಗಳಲ್ಲಿ ಶೆಟಗೇರಿಯವನು ಹಾರವಾಡದವನ ಸಣ್ಣ ದೋಣಿಯಲ್ಲಿ ಬಲೆ ಎಳೆಯಲು ಹೋಗುತ್ತಿದ್ದ. ಅವನ ಅವ್ವಿಗೆ ಅದು ಇಷ್ಟವಿರಲಿಲ್ಲ. ಹಾರವಾಡದವನು ಅವರ ಮುಂದೆ ನಿಂತು, "ಅವ್ವಿ, ನಾ ಇದ್ದೆ ಅಲ್ದಾ, ಯಂತಕೆ ಹೆದರ್ತಿ?" ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ದೋಣಿ ಮಗುಚಿದ್ದು ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ. ನಾನಾಗ ಹುಬ್ಬಳ್ಳಿಯ ಒಂದು ಪತ್ರಿಕೆಗೆ ಅಂಕೋಲೆಯಿಂದ ಸುದ್ದಿ ಕಳಿಸುತ್ತಿದ್ದೆ. ಆ ಕಾಲದ ಪದ್ಧತಿ ಹೀಗಿತ್ತು: ಸುದ್ದಿಯನ್ನು ಹಾಳೆಯ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯುವುದು, ಅಡಿಗೆ ಕಾರ್ಬನ್ ಇಟ್ಟು ನಮಗೊಂದು ಪ್ರತಿ ಉಳಿಸಿಕೊಳ್ಳುವುದು, ಮೇಲಿನ ಹಾಳೆಯನ್ನು ಕವರಿಗೆ ಹಾಕಿ ಸಂಜೆಯ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು. ಅಲ್ಲಿ ಪತ್ರಿಕೆಯ ಆಳು ಬಸ್‌ಸ್ಟ್ಯಾಂಡಿಗೆ ಬಂದು ಒಯ್ಯುತ್ತಿದ್ದ. ಜಾಗ ಸಾಲದಿದ್ದರೆ ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಅದನ್ನು ಕೆಳಗಿನಿಂದ ಕತ್ತರಿಸುತ್ತಿದ್ದರು. ಆದ್ದರಿಂದ ಮುಖ್ಯವಾದದ್ದು ಮೊದಲು, ಹೋದರೂ ಪರವಾಗಿಲ್ಲ ಎನ್ನುವಂಥದ್ದು ಕೊನೆಗೆ.

ಆ ದಿನ ಮಧ್ಯಾಹ್ನ ಹಾರವಾಡದವನನ್ನು ಅಂಕೋಲೆಯ ಆಸ್ಪತ್ರೆಗೆ ತಂದಿದ್ದರು. ಕಂಬಳಿ ಹೊದ್ದು ಮಲಗಿದ್ದ. ಮೈ ನಡುಗುತ್ತಿತ್ತು. ಏನಾಯಿತೆಂದು ಪೂರ್ತಿ ಹೇಳಿದ. ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ. ಶೆಟಗೇರಿಯವನು ಇನ್ನೂ ಸಿಕ್ಕಿರಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಸುದ್ದಿ ಬರೆದು ಕವರು ಕೊಟ್ಟೆ.

ಮರುದಿನ ಪತ್ರಿಕೆಯಲ್ಲಿ ಬಂದದ್ದು ಎರಡು ಪ್ಯಾರಾ. ದೋಣಿ ಮಗುಚಿದ್ದು ಮೊದಲನೆಯದರಲ್ಲಿ. ಎರಡನೆಯದರ ಕೊನೆಯ ವಾಕ್ಯ ನನಗೆ ಈಗಲೂ ಹಾಗೆಯೇ ನೆನಪಿದೆ: "ದೋಣಿ ನಡೆಸುತ್ತಿದ್ದ ಯುವಕ ಈಜಿ ದಡ ಸೇರಿ ಪಾರಾಗಿದ್ದು, ಜೊತೆಗಿದ್ದಾತ ನೀರುಪಾಲಾಗಿದ್ದಾನೆ." ಇಬ್ಬರ ಹೆಸರೂ ಇದ್ದವು. ವಾಕ್ಯದಲ್ಲಿ ತಪ್ಪಿಲ್ಲ. ಓದಿದವರಿಗೆ ಅದರಿಂದ ತಿಳಿಯುವುದು ಒಂದೇ: ಇವನು ಅವನನ್ನು ಬಿಟ್ಟು ಬಂದ.

ಎರಡು ದಿನದ ಮೇಲೆ ಹೆಣ ಸಿಕ್ಕಿತು. ಅದಕ್ಕೆ ನಾಲ್ಕು ಸಾಲು ಬರೆದೆ. ಆ ತಿಂಗಳೇ ನನಗೆ ಹುಬ್ಬಳ್ಳಿಯ ಡೆಸ್ಕಿಗೆ ಬರುವಂತೆ ಪತ್ರ ಬಂತು. ಹೋದೆ.

ಮೂವತ್ತು ವರ್ಷದಲ್ಲಿ ಹಾರವಾಡದವನನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಊರ ಕಡೆ ಬಂದಾಗಲೆಲ್ಲ ಅಂಕೋಲೆಗೂ ಕಾರವಾರಕ್ಕೂ ನಡುವೆ ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಹಾರವಾಡ ಕ್ರಾಸಿನಲ್ಲಿ ಇಳಿಯಲಿಲ್ಲ. ಅವನು ಹೇಳಿದ್ದನ್ನೆಲ್ಲ ನಾನು ಬರೆದಿದ್ದೆ, ಕೊನೆಯ ಪ್ಯಾರಾವನ್ನು ಡೆಸ್ಕಿನವರು ಕತ್ತರಿಸಿದರು ಎಂಬುದು ನನ್ನ ನೆನಪಾಗಿತ್ತು. ಡೆಸ್ಕಿಗೆ ಹೋದ ಮೇಲೆ ನಾನೂ ಹಾಗೆ ಎಷ್ಟೋ ಕೊನೆಯ ಪ್ಯಾರಾಗಳನ್ನು ಕತ್ತರಿಸಿದೆ. ಆ ನೆನಪು ಗಟ್ಟಿಯಾಗುತ್ತಲೇ ಹೋಯಿತು.

ಕೂಟ ನಡೆದದ್ದು ಮೇ ತಿಂಗಳಲ್ಲಿ, ಅಂಕೋಲೆಯ ಒಂದು ಸಭಾಭವನದಲ್ಲಿ. ಸೆಕೆ ವಿಪರೀತವಿತ್ತು. ಮೋಡ ಕವಿದಿದ್ದರೂ ಒಂದು ಹನಿ ಬೀಳಲಿಲ್ಲ. ಬಾಗಿಲಲ್ಲಿ ಹೆಸರಿನ ಚೀಟಿ ಕೊಟ್ಟು ಎದೆಗೆ ಅಂಟಿಸಿಕೊಳ್ಳಿ ಎನ್ನುತ್ತಿದ್ದರು. ಚೀಟಿ ಓದದೆ ಯಾರಿಗೂ ಯಾರ ಗುರುತೂ ಹತ್ತುತ್ತಿರಲಿಲ್ಲ.

"ಇವ ಯಾರಾ?"

"ಪೇಪರಿನವ. ಚೀಟಿ ನೋಡು."

"ಅರೆ, ತಲೆಕೂದ್ಲೂ ಪೇಪರಿಗೇ ಕೊಟ್ಟಿಯನಾ?"

"ನಿನ್ನ ಹೊಟ್ಟೆ ಬಗ್ಗೆ ನಾ ಏನಾದ್ರೂ ಬರ್ದ್ನಾ?" ಎಂದೆ. ನಕ್ಕರು. ನಗು ಬೇಗ ಮುಗಿಯಿತು. ನಂತರ ಸಕ್ಕರೆ ಕಾಯಿಲೆ, ಮಂಡಿನೋವು, ಮಕ್ಕಳ ಮದುವೆ. ಮುಂದಿನ ಸಾಲಿನಲ್ಲಿ ಇಬ್ಬರು ಮಾಸ್ತರರನ್ನು ಕೂರಿಸಿದ್ದರು. ಗಣಿತದವರಿಗೆ ಕಿವಿ ಕೇಳುತ್ತಿರಲಿಲ್ಲ. ಯಾರು ಹೋಗಿ ಕಾಲಿಗೆ ಬಿದ್ದರೂ, "ಪಾಸಾದ್ಯಾ?" ಎಂದು ಕೇಳುತ್ತಿದ್ದರು.

ವೇದಿಕೆಯ ಒಂದು ಬದಿಗೆ ತೀರಿಕೊಂಡ ಏಳು ಜನರ ಚಿತ್ರಗಳನ್ನು ಒಂದೇ ಬೋರ್ಡಿನಲ್ಲಿ ಮುದ್ರಿಸಿ ನಿಲ್ಲಿಸಿದ್ದರು. ಆರು ಜನರ ಚಿತ್ರಗಳು ಈಚಿನವು, ಮನೆಯವರು ಕಳಿಸಿದವು. ಶೆಟಗೇರಿಯವನದು ಮಾತ್ರ ಶಾಲೆಯ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿದ್ದು. ಅವನ ಎರಡೂ ಕಡೆ ಒಂದೊಂದು ಅರ್ಧ ಭುಜ ಕಾಣುತ್ತಿತ್ತು. ಎಡಗಡೆಯದು ನನ್ನದು. ಬಲಗಡೆಯದು ಹಾರವಾಡದವನದು.

ಕದ್ರಾದವನು ಮೈಕಿನಲ್ಲಿ ನನ್ನ ಪಟ್ಟಿ ಓದಿದ. ಮೊದಲ ಹೆಸರು ಬಂದ ಕೂಡಲೇ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಬಿಳಿ ಅಂಗಿ ತೊಟ್ಟ, ಕಪ್ಪು ಮೈಯ, ಸಣಕಲು ಮನುಷ್ಯನೊಬ್ಬ ಎದ್ದು ಹೊರಗೆ ಹೋದ. ಎದೆಯ ಮೇಲೆ ಚೀಟಿ ಇರಲಿಲ್ಲ. ನಡಿಗೆಯಿಂದ ಗುರುತು ಸಿಕ್ಕಿತು: ಹಾರವಾಡದವನು. ಆ ನಿಮಿಷವಿಡೀ ನಾನು ಬಾಗಿಲನ್ನೇ ನೋಡುತ್ತಿದ್ದೆ.

ಊಟಕ್ಕೆ ಮೀನುಸಾರು, ಹುರಿದ ಮೀನು, ಸೋಲ್ಕಡಿ. ಊಟ ಮುಗಿಸಿ ಕೈತೊಳೆಯುವ ನಲ್ಲಿಯ ಹತ್ತಿರ ಹೋದಾಗ ಅವನು ಅಲ್ಲಿ ನಿಂತಿದ್ದ. ಊಟ ಮಾಡಿದಂತೆ ಕಾಣಲಿಲ್ಲ.

"ಗುರ್ತ ಸಿಕ್ತಾ?" ಎಂದ.

"ಸಿಕ್ಕಿತು."

"ನಾ ಈ ಹಾರ ತುರಾಯಿಗೆ ಬಂದವ ಅಲ್ಲ. ನೀ ಬತ್ತಿ ಹೇಳಿ ಕದ್ರಾದವ ಹೇಳ್ದ. ಅದ್ಕೆ ಬಂದೆ."

ನಾನು ನಲ್ಲಿ ನಿಲ್ಲಿಸಿದೆ. ಅವನು ಧ್ವನಿ ಏರಿಸಲಿಲ್ಲ.

"ನಾ ತಿರ್ಗಾ ಹೋದದ್ದು ನಿಂಗೆ ಹೇಳಿದ್ನಾ ಇಲ್ವಾ?"

"ಹೇಳಿದ್ದೆ."

"ದೋಣಿ ಮೇಲೆ ಅವ್ನ ಕಟ್ಟಿದ್ದು, ಅವನೇ ಹೋಗು ಅಂದದ್ದು, ನಾ ಜನ ಕರ್ಕಂಡು ತಿರ್ಗಾ ಹೋದದ್ದು. ಎಲ್ಲ ಹೇಳಿದ್ದೆ. ನೀ ಬರ್ಕಂಡಿ. ನಾ ಕಂಡೆ ನೀ ಬರ್ಕಂಬುದ. ಪೇಪರಲ್ ಯಂತಕೆ ಬರಲಿಲ್ಲ?"

"ಡೆಸ್ಕಿನವರು ಕೊನೆಯ ಪ್ಯಾರಾ ತೆಗೆದರು. ಜಾಗ ಇರಲಿಲ್ಲವೋ ಏನೋ. ನಾನು ಬರೆದು ಕಳಿಸಿದ್ದೆ."

"ಬರ್ದಿದ್ಯಾ?"

"ಬರೆದಿದ್ದೆ."

ಅವನ ಮುಖದಲ್ಲಿ ಆಗ ಆದ ಬದಲಾವಣೆಯನ್ನು ನಾನು ನೋಡಿದೆ. ಮೂವತ್ತು ವರ್ಷದಿಂದ ಅವನು ಕೇಳಬೇಕೆಂದಿದ್ದ ಉತ್ತರ ಅದೇ ಇರಬೇಕು.

"ಅದ್ರದ್ದು ಕಾಗದ ಅದ್ಯಾ?"

"ಕಾರ್ಬನ್ ಪ್ರತಿ ಇರಬೇಕು. ಟ್ರಂಕಿನಲ್ಲಿ ಹುಡುಕಬೇಕು."

"ಹುಡ್ಕು. ಅವ್ವಿಗೆ ತೋರ್ಸೂಕೆ ಬೇಕು."

ಆಮೇಲೆ ಅವನು ಹೇಳಿದ್ದು ಇಷ್ಟು. ಶೆಟಗೇರಿಯ ಅವ್ವಿ ಆ ಪತ್ರಿಕೆಯ ತುಂಡನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಹಾರವಾಡದ ಜನ ಹೋಗಿ ನಡೆದದ್ದು ಹೀಗಲ್ಲ ಎಂದರೂ ಅವರು ನಂಬಲಿಲ್ಲ. ನೀವು ಅವನ ಕಡೆಯವರು, ಪೇಪರಿನವ ಯಾರ ಕಡೆಯವನೂ ಅಲ್ಲ ಎಂದರು. ಅಂದಿನಿಂದ ಇವನನ್ನು ಅಂಗಳಕ್ಕೆ ಬಿಡಲಿಲ್ಲ. ಅಂಕೋಲೆ ಪೇಟೆಯಲ್ಲಿ ತರಕಾರಿ ಮಾರುತ್ತ ಕೂತಾಗ ಇವನು ಎದುರಿಗೆ ಬಂದರೆ ಬುಟ್ಟಿಯ ಮೇಲೆ ಬಟ್ಟೆ ಎಳೆದುಬಿಡುತ್ತಿದ್ದರು. ಬೆಳಗಿನ ಬೋಣಿ ಆಗದೆ ಇದ್ದರೂ ಇವನಿಗೆ, ಇವನ ಹೆಂಡತಿಗೆ ಒಂದು ಕಟ್ಟು ಹರಿವೆ ಸೊಪ್ಪು ಕೊಟ್ಟವರಲ್ಲ.

"ನಾ ಬೇಕಂತ್ಲೇ ಅದೇ ದಾರಿಲಿ ಹೋಗ್ತಿದ್ದೆ," ಎಂದ. "ಅವ್ವಿ ಬಟ್ಟೆ ಎಳೂದ ಕಂಡ್ರೆ, ಹಾಂ, ಇನ್ನೂ ಅದೆ, ಗಟ್ಟಿ ಅದೆ ಹೇಳಿ ಗೊತ್ತಾಗ್ತಿತ್ತು. ಶಿವರಾತ್ರಿಯಿಂದ ಪೇಟೆಗೆ ಬರ್ಲಿಲ್ಲ. ಜಾಗ ಖಾಲಿ. ಕಾಲು ಬಿದ್ದೋಯ್ತು, ಎದ್ದು ತಿರ್ಗೂದಿಲ್ಲ ಅಂದ್ರು. ಇನ್ನೆಷ್ಟು ದಿನವೋ. ಅದ್ರ ಒಳಗೆ ಒಂದ್ಸಲ ಆ ಜಗಲಿ ಮೇಲೆ ಕೂರ್ಬೇಕು ನಂಗೆ. ಇನ್ನೇನೂ ಬೇಡ," ಎಂದ.

ನಾನು ಮಾತು ಕೊಟ್ಟೆ. ಒಳಗಿನಿಂದ ಫೋಟೋಕ್ಕೆ ಕರೆದರು. ಅವನು ಬರಲಿಲ್ಲ.

ನಿವೃತ್ತಿಯಾದ ಮೇಲೆ ಕಾರವಾರದಲ್ಲಿ ಹಿಡಿದ ಬಾಡಿಗೆ ಮನೆಯಲ್ಲಿ ಮಂಚದ ಕೆಳಗೆ ತಗಡಿನ ಟ್ರಂಕು ಇದೆ. ಅಂಕೋಲೆಯಿಂದ ಸುದ್ದಿ ಕಳಿಸಿದ ವರ್ಷಗಳ ಕಾರ್ಬನ್ ಪ್ರತಿಗಳನ್ನು ತಿಂಗಳವಾರು ದಾರ ಕಟ್ಟಿ ಅದರಲ್ಲಿ ಇಟ್ಟಿದ್ದೆ. ಹೆಂಡತಿ ಎರಡು ಸಲ ಹಳೆಪೇಪರಿನವನಿಗೆ ಹಾಕಲು ಹೊರಟಿದ್ದಳು. ಮರುದಿನ ಬೆಳಿಗ್ಗೆ ಕೂತು ಹುಡುಕಿದೆ. ಹಾಳೆಗಳ ಅಂಚನ್ನು ಹುಳುಗಳು ತಿಂದಿದ್ದವು. ಅಕ್ಷರ ಉಳಿದಿತ್ತು.

ಬೇಕಾದ ಹಾಳೆ ಸಿಕ್ಕಿತು. ಮೂರು ಪ್ಯಾರಾ ಇತ್ತು. ಮೂರನೆಯದೇ ಅವನ ಹೇಳಿಕೆ. ನಾನು ಬರೆದಿದ್ದೆ, ಅಷ್ಟು ಸರಿ. ಆದರೆ ಆ ಪ್ಯಾರಾದ ಮೇಲೆ ಎಡಗಡೆಯ ಮೂಲೆಯಿಂದ ಬಲಗಡೆಯ ಮೂಲೆಗೆ ಒಂದು ಗೆರೆ ಎಳೆದಿತ್ತು.

ಗೆರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪೆನ್ನಿನ ಗೆರೆಯಲ್ಲ ಅದು. ಅಕ್ಷರಗಳದೇ ನೀಲಿ, ಅಕ್ಷರಗಳ ಹಾಗೇ ಅಂಚು ಮಸುಕು. ಕಾರ್ಬನ್ನಿನಿಂದ ಇಳಿದ ಗೆರೆ. ಹುಬ್ಬಳ್ಳಿಯಲ್ಲಿ ಯಾರಾದರೂ ಹೊಡೆದು ಹಾಕಿದ್ದರೆ ಅದು ಅಲ್ಲಿಗೆ ಹೋದ ಹಾಳೆಯ ಮೇಲೆ ಮಾತ್ರ ಇರುತ್ತಿತ್ತು. ಅಂಕೋಲೆಯಲ್ಲೇ ಉಳಿದ ಪ್ರತಿಯ ಮೇಲೆ ಮೂಡಬೇಕಾದರೆ, ಎರಡು ಹಾಳೆಯ ನಡುವೆ ಕಾರ್ಬನ್ ಇರುವಾಗಲೇ, ಕವರಿಗೆ ಹಾಕುವ ಮೊದಲೇ, ಆ ಕಲ್ಲುಬೆಂಚಿನ ಮೇಲೆ ಕೂತಿದ್ದಾಗಲೇ ಎಳೆದಿರಬೇಕು. ಎಳೆಯಲು ಅಲ್ಲಿ ನಾನಲ್ಲದೆ ಬೇರೆ ಯಾರೂ ಇರಲಿಲ್ಲ.

ಅದನ್ನು ನೋಡಿದ ಮೇಲೆ ಉಳಿದದ್ದು ನೆನಪಿಗೆ ಬಂತು. ನನಗೆ ಕೆಲಸ ಕಲಿಸಿದ ಹಿರಿಯ ವರದಿಗಾರರೊಬ್ಬರು, ನಮ್ಮವರ ಸುದ್ದಿಯಾದರೆ ಎರಡು ಪಟ್ಟು ಒಣಗಿಸಿ ಬರೆಯಬೇಕು ಎನ್ನುತ್ತಿದ್ದರು. ಗೆಳೆಯನ ಪರವಾಗಿ ಗೆಳೆಯನೇ ಬರೆದ ಎಂದು ಯಾರೂ ಹೇಳಬಾರದೆಂದು ನನಗೆ ಅನ್ನಿಸಿತ್ತು. ಅವನ ಮಾತಿಗೆ ಇನ್ನೊಬ್ಬ ಸಾಕ್ಷಿ ಇರಲಿಲ್ಲ. ಇದ್ದ ಒಬ್ಬ ಸಾಕ್ಷಿ ಇನ್ನೂ ನೀರಿನಲ್ಲಿದ್ದ. ಅವನೊಂದಿಗೆ ದಡದಿಂದ ಮರಳಿ ಹೋದ ನಾಲ್ವರನ್ನು ಕೇಳಲು ಹಾರವಾಡಕ್ಕೆ ಹೋಗಬೇಕಿತ್ತು, ಹೋದರೆ ಬಸ್ಸು ತಪ್ಪುತ್ತಿತ್ತು. ನಾಳೆ ಹೋಗಿ ಕೇಳಿ ಬರೆದರಾಯಿತು ಎಂದು ಗೆರೆ ಎಳೆದೆ. ಮರುದಿನ ಹೋಗಲಿಲ್ಲ.

ಅದು ಶಿಸ್ತು ಎಂದು ಆಗ ತಿಳಿದಿದ್ದೆ. ಈಗ ನೋಡಿದರೆ ಲೆಕ್ಕ ಸರಿಹೊಂದುವುದಿಲ್ಲ. ಅವನು ಈಜಿ ಬಂದ ಎಂಬುದಕ್ಕೂ ಇದ್ದದ್ದು ಅವನ ಮಾತೊಂದೇ. ಒಂದೇ ಬಾಯಿಂದ ಬಂದ ಎರಡು ಸಂಗತಿಗಳಲ್ಲಿ ಒಂದನ್ನು ಹಾಗೆಯೇ ನಂಬಿದೆ, ಇನ್ನೊಂದಕ್ಕೆ ಸಾಕ್ಷಿ ಕೇಳಿದೆ.

ಹಾಳೆಯಲ್ಲಿ ಇದ್ದದ್ದನ್ನು ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡೆ. ಅವನಿಗೆ ಫೋನು ಮಾಡಿ, "ಕಾಗದ ಸಿಕ್ಕಿತು," ಎಂದೆ. ಗೆರೆಯ ವಿಷಯ ಹೇಳಲಿಲ್ಲ. ಎದುರಿಗೇ ಹೇಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

"ಸಿಕ್ತಾ?" ಎಂದ. ಆಮೇಲೆ ಯಾರಿಗೋ, ಹೆಂಡತಿಗಿರಬೇಕು, "ಸಿಕ್ತಂತೆ," ಎಂದದ್ದು ಕೇಳಿಸಿತು.

ಅಂಕೋಲೆ ಬಸ್‌ಸ್ಟ್ಯಾಂಡಿಗೆ ಅವನು ಸ್ಕೂಟರು ತಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಹೊಸದಾಗಿ ಮಾಡಿಸಿದ ಕ್ಷೌರ. ಶೆಟಗೇರಿಯ ತನಕ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದ. ಗಾಳಿಗೆ ಅರ್ಧ ಮಾತು ಕೇಳಿಸಲಿಲ್ಲ. ಬೆಂಚಿನ ಮಾತು, ಒಣಮೀನಿನ ಮಾತು, ಗಣಿತದ ಮಾಸ್ತರರ ಮಾತು. ಅವನು ಹಾಗೆ ಮಾತಾಡುವಾಗ ಗೆರೆಯ ವಿಷಯ ತೆಗೆಯಲು ನನ್ನಿಂದ ಆಗಲಿಲ್ಲ. ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ಮಾವಿನಮರದ ಬುಡದಲ್ಲಿ ಗಾಡಿ ನಿಲ್ಲಿಸಿದ.

"ನೀ ಹೋಗು. ಕರ್ದ್ರೆ ಬತ್ತೆ," ಎಂದ.

ಜಗಲಿಯ ಮೇಲೆ ಅವ್ವಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿ ಮಗಳ ಮಗಳು, ಕಾಲೇಜಿನ ರಜೆಯಲ್ಲಿದ್ದವಳು, ಅದೇ ಕೆಲಸ ಮಾಡುತ್ತಿದ್ದಳು. ಒಳಗೆ ಹುಲ್ಲಿನಲ್ಲಿ ಹಣ್ಣಿಗಿಟ್ಟ ಕರಿ ಈಶಾಡ ಮಾವಿನ ವಾಸನೆ ಅಂಗಳದ ತನಕ ಬರುತ್ತಿತ್ತು. ನಾನು ಯಾರೆಂದು ಹೇಳಿದೆ. ಅವ್ವಿ ಕಣ್ಣು ಕಿರಿದು ಮಾಡಿ ನೋಡಿದರು.

"ಪೇಪರಿನ ತಮ ಅಲ್ದಾ? ಸೌತೆಕಾಯಿ ತಿಂಬವ?"

"ಹೌದು ಅವ್ವಿ."

"ಬಾ, ಕೂತ್ಕ. ಹುಡ್ಗಿ, ಬೆಲ್ಲ ನೀರು ತಾ." ಅಷ್ಟು ಹೇಳಿ, "ನೀ ಒಬ್ಬ ಬರ್ದದ್ದು ಸತ್ಯ ಬರ್ದಿ ತಮಾ. ಉಳ್ದವ್ರೆಲ್ಲ ಬಂದು ಬಂದು ಬಣ್ಣ ಹಚ್ಚಿ ಹೋದ್ರು," ಎಂದರು.

ಹುಡುಗಿ ನೀರು ತಂದಳು. ನಾನು ಕುಡಿಯಲಿಲ್ಲ. ಕಾಗದ ತೆಗೆದು ಅವಳ ಕೈಗೆ ಕೊಟ್ಟೆ. ಪತ್ರಿಕೆಯಲ್ಲಿ ಬಾರದ ಒಂದು ಭಾಗ ಇದರಲ್ಲಿದೆ, ಅಜ್ಜಿಗೆ ಓದಿ ಹೇಳು ಎಂದೆ. ಅವಳು ಮೊದಲು ತನ್ನಷ್ಟಕ್ಕೆ ಓದಿಕೊಂಡಳು. ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಗಟ್ಟಿಯಾಗಿ, ಶಾಲೆಯಲ್ಲಿ ಪಾಠ ಓದುವವರ ಹಾಗೆ ಓದಿದಳು:

"ದೋಣಿ ಮಗುಚಿದ ಬಳಿಕ ಇಬ್ಬರೂ ಅದನ್ನೇ ಹಿಡಿದುಕೊಂಡಿದ್ದೆವು. ಸಂಗಾತಿಯ ತಲೆಗೆ ಪೆಟ್ಟಾಗಿ ಈಜಲು ಆಗುತ್ತಿರಲಿಲ್ಲ. ಅವನನ್ನು ಬಲೆಯ ಹಗ್ಗದಿಂದ ದೋಣಿಗೆ ಕಟ್ಟಿದೆ. ನೀನು ಹೋಗಿ ಜನ ಕರೆದುಕೊಂಡು ಬಾ ಎಂದು ಅವನೇ ಹೇಳಿದ. ದಡಕ್ಕೆ ಈಜಿ, ನಾಲ್ವರನ್ನು ಕರೆದುಕೊಂಡು ಇನ್ನೊಂದು ದೋಣಿಯಲ್ಲಿ ಮರಳಿ ಹೋದಾಗ ಹಗ್ಗ ಮಾತ್ರ ಇತ್ತು ಎಂದು ಪಾರಾಗಿ ಬಂದ ಯುವಕ ತಿಳಿಸಿದ್ದಾನೆ."

ಅವ್ವಿಯ ಕೈ ಹುಣಸೆಯ ಮೇಲೆ ನಿಂತಿತ್ತು.

"ಹೋಗು ಅಂದದ್ದು ನನ್ನ ಮಗನೇಯಾ?"

"ಹಾಗೆಂದು ಹಾರವಾಡದವನು ಹೇಳಿದ ಅವ್ವಿ. ಆಸ್ಪತ್ರೆಯಲ್ಲಿ, ಅದೇ ದಿನ. ನಾನು ಬರೆದುಕೊಂಡೆ. ನಾನು ಕಂಡದ್ದಲ್ಲ."

"ಅದೇ ದಿನ ಹೇಳಿದ್ನಾ?"

"ಅದೇ ದಿನ."

"ಮತ್ತೆ ಪೇಪರಲ್ ಯಂತಕೆ ಇಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು: "ಅಜ್ಜಿ, ಇದ್ರ ಮೇಲೆ ಗೀಟು ಹೊಡ್ದದೆ."

"ಯಾರು ಹೊಡ್ದದ್ದು?"

"ನಾನೇ," ಎಂದೆ.

ಮನೆಯ ಹಿಂದೆ ಯಾರೋ ಸೌದೆ ಒಡೆಯುತ್ತಿದ್ದರು. ನಾನು ಕಾರಣಗಳನ್ನು ಹೇಳಬಹುದಿತ್ತು: ಬಸ್ಸು, ಸಾಕ್ಷಿ, ಸ್ನೇಹ. ಯಾವುದನ್ನೂ ಹೇಳಲಿಲ್ಲ.

"ಮೂವತ್ತು ವರ್ಷ," ಎಂದರು ಕೊನೆಗೆ, ನನಗಲ್ಲ, ಮೊಮ್ಮಗಳಿಗೆ. "ಅವ ಎದುರು ಬಂದ್ರೆ ಬುಟ್ಟಿ ಮುಚ್ಚಿದೆ. ಅವ್ನ ಹೆಂಡ್ತಿ ಬಸ್ರಿ ಇದ್ದಾಗ ಬಂದು ಎಳೆ ಹರಿವೆ ಕೇಳ್ತು. ಅದ್ಕೂ ಮುಚ್ಚಿದೆ."

"ಅವನು ಬಂದಿದ್ದಾನೆ ಅವ್ವಿ. ಮಾವಿನಮರದ ಹತ್ತಿರ ಇದ್ದಾನೆ. ಕರೆಯಲೇ?"

ಅವರು ರಸ್ತೆಯ ಕಡೆ ನೋಡಿದರು. ಜಗಲಿಯಿಂದ ಮರ ಕಾಣುತ್ತದೆ. ಅವರ ಕಣ್ಣಿಗೆ ಕಂಡಿತೋ ಇಲ್ಲವೋ.

"ಬೇಡ," ಎಂದರು. "ಅವ ಬಂದು ಇಲ್ಲಿ ಕೂತ್ರೆ ನಾ ಅವ್ನ ಮುಖ ಹ್ಯಾಂಗೆ ನೋಡೂದು? ನಂಗೆ ಆಗೂದಿಲ್ಲ. ಹೋಗೂಕೆ ಹೇಳು." ಆಮೇಲೆ ಕೈ ನೀಡಿದರು. ಹುಡುಗಿ ಕಾಗದವನ್ನು ಅವರಿಗೆ ಕೊಟ್ಟಳು. ಓದಲು ಬಾರದ ಅವರು ಅದನ್ನು ಮಡಿಸಿ, ಸೊಂಟದ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. "ಇದು ಇಲ್ಲೇ ಇರ್ಲಿ," ಎಂದರು. "ನೀನೂ ಇನ್ನು ಹೋಗು."

ನನ್ನನ್ನು ತಮ ಎನ್ನಲಿಲ್ಲ.

ಮಾವಿನಮರದ ಬುಡದಲ್ಲಿ ಅವನು ಸ್ಕೂಟರಿಗೆ ಒರಗಿ ನಿಂತಿದ್ದ. ನಾನು ಹತ್ತಿರ ಬರುವ ತನಕ ಕೇಳಲಿಲ್ಲ.

"ಯಂತಾ ಅಂದ್ತು?"

ಆದದ್ದನ್ನು ಆದ ಕ್ರಮದಲ್ಲೇ ಹೇಳಿದೆ. ಹುಡುಗಿ ಓದಿದ್ದು, ಅವ್ವಿ ಕೇಳಿದ್ದು, ಗೆರೆ ಎಳೆದವರು ಯಾರೆಂದು ಕೇಳಿದಾಗ ನಾನು ಕೊಟ್ಟ ಉತ್ತರ, ಬೇಡ ಎಂದದ್ದು, ಕಾಗದ ಇಟ್ಟುಕೊಂಡದ್ದು. ನನ್ನ ಉತ್ತರದ ಹತ್ತಿರ ಬಂದಾಗ ಅವನು ಕೈ ಎತ್ತಿ ನಿಲ್ಲಿಸಿದ.

"ಡೆಸ್ಕಿನವ್ರು ಅಂದಿದ್ದಿ."

"ಹಾಗೆಂದೇ ತಿಳಿದಿದ್ದೆ. ಕಾಗದ ನೋಡಿದ ಮೇಲೆ ಗೊತ್ತಾಯಿತು."

"ಯಾವಾಗ ಕಂಡಿ ಕಾಗದ?"

"ಮೊನ್ನೆ."

"ಮೊನ್ನೆ ಫೋನ್ ಮಾಡ್ದಾಗ ಗೊತ್ತಿತ್ತು."

"ಗೊತ್ತಿತ್ತು."

ಅವನು ಸ್ಕೂಟರಿನ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಬೈದರೆ ಒಳ್ಳೆಯದೆಂದು ನನಗನ್ನಿಸಿತು. ಬೈಯಲಿಲ್ಲ.

"ಅವ್ವಿ ಪೇಪರ್ ನಂಬಿದ್ದು ಯಂತಕೆ ಗೊತ್ತಾ?" ಎಂದ. "ಬರ್ದವ ನೀನು ಹೇಳಿ. ಬೇರೆ ಯಾರಾದ್ರೂ ಬರ್ದಿದ್ರೆ ಸುಳ್ಳು ಅಂತಿತ್ತು. ನನ್ನ ಮಗನ ಬೆಂಚಿನವ, ಅವ ಸುಳ್ಳು ಬರಿತನಾ ಅಂತು." ಕೀಲಿ ಹಾಕಿದ. "ಕೂತ್ಕ. ಬಸ್ಸಿಗೆ ಹೊತ್ತಾಯ್ತು."

ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದಾಗ ನಾನು, "ಇದನ್ನು ಬರೆಯುತ್ತೇನೆ. ಎಲ್ಲಾದರೂ ಅಚ್ಚಾಗುವ ಹಾಗೆ," ಎಂದೆ.

"ಬರಿ," ಎಂದ. "ನನ್ನ ಹೆಸ್ರು ಹಾಕ್ಬೇಡ. ಅವಂದೂ ಬೇಡ. ಒಂದ್ಸಲ ಹಾಕಿದ್ದು ಸಾಕು."

ಈ ಬರಹದಲ್ಲಿ ಯಾರ ಹೆಸರೂ ಇಲ್ಲದಿರುವುದು ಅದಕ್ಕೆ.

ಕಾರವಾರಕ್ಕೆ ಹೋಗುವ ಬಸ್ಸು ಹಾರವಾಡ ಕ್ರಾಸಿನಲ್ಲಿ ನಿಂತಿತು. ಇಬ್ಬರು ಹೆಂಗಸರು ಇಳಿದರು, ಯಾರೂ ಹತ್ತಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಫೋನಿನಲ್ಲಿ ಗುಂಪಿನ ಫೋಟೋಗಳು ಬಂದು ತುಂಬಿದ್ದವು. ಶಾಲು, ಹಣ್ಣಿನ ಬುಟ್ಟಿ, ಸಾಲಾಗಿ ನಿಂತ ನಾವು. ಅವುಗಳ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು. ಒಂದು ನಂಬರು ಗುಂಪು ಬಿಟ್ಟು ಹೋಗಿದೆ ಎಂದು.

ಸ್ವಲ್ಪ ಹೊತ್ತಿಗೆ ಕದ್ರಾದಿಂದ ಫೋನು ಬಂತು.

"ಹಾರವಾಡದವ ಗ್ರೂಪ್ ಬಿಟ್ಟ ಮಾರಾಯಾ. ನಾ ಎಷ್ಟು ಕಷ್ಟಪಟ್ಟು ಅವ್ನ ನಂಬರ್ ಹುಡ್ಕಿದ್ದು! ಊಟ ಸರಿ ಆಗ್ಲಿಲ್ಲ ಹೇಳಿ ಸಿಟ್ಟಾ? ನಿಂಗೇನಾದ್ರೂ ಗೊತ್ತಾ?"

"ಗೊತ್ತು," ಎಂದೆ.

ಅವನು ಕಾದ. ಆ ಮೂರನೆಯ ಪ್ಯಾರಾದಿಂದಲೇ ಹೇಳಲು ಶುರು ಮಾಡಿದೆ.